ಭಾತಂಬ್ರಾಕ್ಕೆ ವೇಳೆ ಬಂದ ದಾರಿ

ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡು ಗಂಟೆಗಲ್ಲ. ವರ್ಷದ ಸರಾಸರಿ ತೆಗೆದರೆ ಅದು 12 ಗಂಟೆ 21 ನಿಮಿಷದ ಸುಮಾರಿಗೆ. ಫೆಬ್ರವರಿಯ ಎರಡನೆಯ ವಾರದಲ್ಲಿ 12-35ರವರೆಗೂ ತಡವಾಗುತ್ತದೆ. ನವೆಂಬರಿನ ಮೊದಲ ವಾರದಲ್ಲಿ 12-05ಕ್ಕೇ ಬಂದುಬಿಡುತ್ತದೆ. ಅಂಗಳದಲ್ಲಿ ಒನಕೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅತ್ಯಂತ ಗಿಡ್ಡವಾಗುವ ಗಳಿಗೆಯನ್ನು ಗುರುತು ಮಾಡಿಕೊಂಡರೆ ಯಾರು ಬೇಕಾದರೂ ಇದನ್ನು ಪರೀಕ್ಷಿಸಿ ನೋಡಬಹುದು. ಬಿಸಿಲಿನಲ್ಲಿ ಆಗಷ್ಟೇ ಮಧ್ಯಾಹ್ನ. ಒಳಗಿನ ಗೋಡೆಯ ಗಡಿಯಾರ, ಕೈಯೊಳಗಿನ ಮೊಬೈಲು, ಪಂಚಾಯಿತಿಯ ಕಂಪ್ಯೂಟರು, ಬ್ಯಾಂಕಿನ ಯಂತ್ರ ಮಾತ್ರ ಹನ್ನೆರಡು ದಾಟಿ ಆಗಲೇ ಇಪ್ಪತ್ತು ನಿಮಿಷವಾಯಿತೆಂದು ಒಕ್ಕೊರಲಿನಿಂದ ಹೇಳುತ್ತಿರುತ್ತವೆ. ಸೂರ್ಯನ ಮಾತಿಗೂ ಯಂತ್ರದ ಮಾತಿಗೂ ನಡುವಿನ ಈ ಇಪ್ಪತ್ತೊಂದು ನಿಮಿಷದಲ್ಲಿ ನೂರೈವತ್ತು ವರ್ಷಗಳ ಚರಿತ್ರೆ ಅಡಗಿದೆ.

ಗಡಿಯಾರ ಬರುವ ಮೊದಲು ನಮ್ಮ ಕಡೆ ವೇಳೆಯೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ವೇಳೆ ಇತ್ತು, ಆದರೆ ಅದಕ್ಕೆ ಅಂಕಿಯ ಹೆಸರಿರಲಿಲ್ಲ. ಕೋಳಿ ಕೂಗುವ ಹೊತ್ತು, ಬೀಸುವ ಹೊತ್ತು, ದನ ಬಿಡುವ ಹೊತ್ತು, ಬುತ್ತಿ ಒಯ್ಯುವ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ನಮ್ಮ ಅಜ್ಜಿಯರು ದಿನವನ್ನು ಕೆಲಸದಿಂದಲೇ ಅಳೆಯುತ್ತಿದ್ದರು. ಜೋಯಿಸರ ಲೆಕ್ಕ ಇದಕ್ಕಿಂತ ಬಿಗಿಯಾದದ್ದು. ದಿನಕ್ಕೆ ಅರುವತ್ತು ಗಳಿಗೆ, ಗಳಿಗೆಗೆ ಇಂದಿನ 24 ನಿಮಿಷ, ಏಳೂವರೆ ಗಳಿಗೆಗೆ ಒಂದು ಜಾವ. ತಳಕ್ಕೆ ಸಣ್ಣ ತೂತು ಕೊರೆದ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ. ಮದುವೆಯ ಮುಹೂರ್ತಕ್ಕೆ ಹಿರಿಯರು ಕಣ್ಣಿಟ್ಟು ಕಾಯುತ್ತಿದ್ದುದು ಆ ಬಟ್ಟಲನ್ನು. ಬೀದರಿನ ಮಸೀದಿಗಳಲ್ಲಿ ಐದು ಹೊತ್ತಿನ ನಮಾಜಿಗೂ ಸೂರ್ಯನೇ ಆಧಾರ. ಹೀಗೆ ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ಮಧ್ಯಾಹ್ನ. ಭೂಮಿ ಒಂದು ಅಂಶ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಬೀದರಿನ ಮಧ್ಯಾಹ್ನ ಭಾತಂಬ್ರಾದ್ದಕ್ಕಿಂತ ಒಂದು ನಿಮಿಷದಷ್ಟು ಮುಂದೆ. ಎತ್ತಿನ ಗಾಡಿಯಲ್ಲಿ ಹೋಗುವವರಿಗೆ ಆ ಒಂದು ನಿಮಿಷದಿಂದ ಏನೂ ತೊಂದರೆಯಿರಲಿಲ್ಲ.

ತೊಂದರೆ ಶುರುವಾದದ್ದು ರೈಲಿನಿಂದ. ಒಂಟಿ ಹಳಿಯ ಮೇಲೆ ಎರಡು ಕಡೆಯಿಂದ ಗಾಡಿ ಬರುವುದಾದರೆ ಎರಡು ನಿಲ್ದಾಣಗಳ ಗಡಿಯಾರಗಳೂ ಒಪ್ಪಲೇಬೇಕು, ಒಪ್ಪದಿದ್ದರೆ ಜೀವಹಾನಿ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ವೀಕ್ಷಣಾಲಯವೊಂದಿತ್ತು. ಅಲ್ಲಿಯ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಆ ಸ್ಥಳದ ರೇಖಾಂಶವನ್ನು ನಿರ್ಧರಿಸಿದ್ದ. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದ್ದ ಆ ಮದರಾಸು ವೇಳೆಯನ್ನೇ 1870ರ ಸುಮಾರಿಗೆ ದೇಶದ ರೈಲುಗಳೆಲ್ಲ ಹಿಡಿದವು. ಕಲಕತ್ತೆಯೂ ಮುಂಬಯಿಯೂ ಒಂದನ್ನೊಂದು ಒಪ್ಪುವುದು ಸಾಧ್ಯವಿರಲಿಲ್ಲ; ಮದರಾಸು ನಡುವೆ ಇತ್ತು, ತಂತಿಯಲ್ಲಿ ವೇಳೆ ಕಳಿಸುವ ಅನುಕೂಲವೂ ಅದಕ್ಕಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಭಾತಂಬ್ರಾದ ಸೂರ್ಯನಿಗಿಂತ ಮದರಾಸು ವೇಳೆ ಹನ್ನೆರಡು ನಿಮಿಷ ಮುಂದೆ, ಮುಂಬಯಿ ವೇಳೆ ಹದಿನೆಂಟು ನಿಮಿಷ ಹಿಂದೆ. ನಮ್ಮ ಜಿಲ್ಲೆಯ ಭಾಷೆಗಳಂತೆ ವೇಳೆಗಳೂ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಿದ್ದವು.

1906ರ ಜನವರಿ 1ರಂದು ಭಾರತೀಯ ಶಿಷ್ಟ ಕಾಲ ಜಾರಿಗೆ ಬಂತು. ಮಿರ್ಜಾಪುರದ ಬಳಿ ಹಾಯುವ 82½ ಅಂಶದ ರೇಖಾಂಶವೇ ಅದರ ನೆಲೆ; ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ನಮ್ಮ ಇಪ್ಪತ್ತೊಂದು ನಿಮಿಷಗಳು ಹುಟ್ಟಿದ್ದು ಇಲ್ಲಿ. ಮುಂಬಯಿಯ ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ಅವರ ಗಡಿಯಾರ 39 ನಿಮಿಷ ಮುಂದಕ್ಕೆ ಹಾರಬೇಕಾಗಿತ್ತು. ಅಷ್ಟು ಬೇಗ ಕೆಲಸಕ್ಕೆ ಬರಬೇಕಾದ ಗಿರಣಿಯವರು ಪ್ರತಿಭಟಿಸಿದರು, ನಗರಸಭೆ ಹಳೆಯ ವೇಳೆಯನ್ನೇ ಹಿಡಿದು ಕುಳಿತಿತು. ಕಲಕತ್ತೆ ತನ್ನ ವೇಳೆಯನ್ನು 1948ರವರೆಗೂ, ಮುಂಬಯಿ 1955ರವರೆಗೂ ಬಿಟ್ಟುಕೊಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಬ್ರಿಟಿಷ್ ಭಾರತದ ಗಡಿಯಾರವನ್ನು ಇನ್ನೂ ಒಂದು ಗಂಟೆ ಮುಂದೂಡಿದ್ದೂ ಉಂಟು. ಗಡಿಯಾರದ ಮುಳ್ಳು ಸರಕಾರದ ಕೈಯಲ್ಲಿರುತ್ತದೆಂಬುದನ್ನು ಆಗಿನ ಜನ ಹೀಗೆ ಕಲಿತರು.

ನಮ್ಮ ಸರಕಾರ ಆಗ ಬೇರೆ. ಹೈದರಾಬಾದಿನ ಚಾರ್‌ಮಿನಾರಿಗೆ ನಾಲ್ಕು ಮುಖದ ಗಡಿಯಾರ ಬಂದದ್ದು 1889ರಲ್ಲಿ. ನವಾಬ ಜಫರ್ ಜಂಗ್ ಇಂಗ್ಲೆಂಡಿನಿಂದ ದೂರದರ್ಶಕ ತರಿಸಿ ನಿಜಾಮಿಯಾ ವೀಕ್ಷಣಾಲಯಕ್ಕೆ ನಾಂದಿ ಹಾಡಿದ್ದು 1901ರಲ್ಲಿ. ಆತನ ನಂತರ 1908ರಲ್ಲಿ ಅದು ಸರಕಾರದ ವಶಕ್ಕೆ ಬಂತು. ಬೀದರಿನಲ್ಲಿ ದಾರಿಗಳು ಕೂಡುವಲ್ಲಿ ನಿಂತಿರುವ 71 ಅಡಿ ಎತ್ತರದ ಚೌಬಾರಾ ಮೊದಲು ಕಾವಲು ಗೋಪುರ. ಅದರ ನೆತ್ತಿಗೂ ಗಡಿಯಾರ ಏರಿತು. ಶತ್ರು ಬಂದನೇ ಎಂದು ನೋಡುತ್ತಿದ್ದ ಜಾಗದಿಂದ ಗಂಟೆ ಎಷ್ಟಾಯಿತೆಂದು ನೋಡುವಂತಾಯಿತು.

ನಿಮಿಷಗಳ ಗೊಂದಲಕ್ಕಿಂತ ದೊಡ್ಡದು ವರ್ಷಗಳದು. ನಿಜಾಮರ ಕಚೇರಿಗಳಲ್ಲಿ ನಡೆಯುತ್ತಿದ್ದುದು ಫಸಲಿ ವರ್ಷ. ಅಕ್ಟೋಬರ್ ಮೊದಲ ವಾರದಲ್ಲಿ ಆರಂಭ. ತಿಂಗಳುಗಳ ಹೆಸರು ಆಜುರ್, ದೈ, ಬಹಮನ್, ಇಸ್ಫಂದಾರ್ ಎಂದು ಪಾರ್ಸಿ ಮೂಲದವು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿನವರಿಗೆ ಅದರಲ್ಲಿ ಒಂದಾದರೂ ಪರಿಚಿತ ಹೆಸರು! ಕಚೇರಿಯಲ್ಲಿ ಆಜುರ್, ಮನೆಯಲ್ಲಿ ಕಾರ್ತಿಕ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ದಿನಮಾನಗಳೂ ಹಾಗೆಯೇ ನಡೆದವು. ಹೊರಗಿನ ಫಲಕದ ಮೇಲೆ ಒಂದು ಕಾಲ, ಹೊಸ್ತಿಲೊಳಗೆ ಇನ್ನೊಂದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದೊಳಗೆ ಬಂತು. 1956ರ ನವೆಂಬರ್ 1ರಂದು ಬೀದರ್ ಕನ್ನಡ ನಾಡಿಗೆ ಸೇರಿತು. ಹಳೆಯ ಹೊಲದ ಕಾಗದಗಳಲ್ಲಿ ಮಾತ್ರ ಫಸಲಿ ಹಾಗೆಯೇ ಉಳಿಯಿತು. ಅಂಥ ಕಾಗದ ಕೈಗೆ ಬಂದರೆ ಅಕ್ಟೋಬರಿನಿಂದ ಡಿಸೆಂಬರಿನೊಳಗಿನ ತಾರೀಖಿಗೆ 590ನ್ನೂ ಅದರ ನಂತರದ್ದಕ್ಕೆ 591ನ್ನೂ ಕೂಡಿಸಿಕೊಳ್ಳಬೇಕು. 1340 ಫಸಲಿ ಎಂದರೆ 1930-31. ಕೂಡಿಸುವವರ ಕೈ ತಪ್ಪಿದರೆ ಒಂದು ವರ್ಷವೇ ಆಚೀಚೆ.

ಒಂದು ತಾರೀಖಿನಿಂದ ಏನು ಮಹಾ ಆಗುತ್ತದೆ ಎನ್ನುವವರು ನಮ್ಮ ಹೆಣ್ಣುಮಕ್ಕಳ ಆಸ್ತಿಯ ಕಾನೂನನ್ನು ಒಮ್ಮೆ ನೋಡಬೇಕು. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅದಕ್ಕೆ ಮೊದಲು ಮದುವೆಯಾದವಳಿಗೆ ಆ ಪಾಲಿಲ್ಲವೆಂದು ಅದರಲ್ಲಿ ಬರೆದಿತ್ತು. ಜುಲೈ ಮೊದಲಲ್ಲಿ ಅಕ್ಷತೆ ಬಿದ್ದ ಅಕ್ಕನಿಗೆ ಇಲ್ಲ, ಮರುವರ್ಷ ಮದುವೆಯಾದ ತಂಗಿಗೆ ಉಂಟು! 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಈ ಮದುವೆಯ ಷರತ್ತನ್ನು ತೆಗೆದುಹಾಕಿತು; ಆ ದಿನ ತಂದೆ ಬದುಕಿರಲೇಬೇಕೆಂದೇನಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಆದರೂ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ಪಾಲುಪಟ್ಟಿ ಹಾಗೆಯೇ ನಿಲ್ಲುತ್ತದೆ. ಎಂದರೆ ಇಂದಿಗೂ ಒಂದು ಹೆಣ್ಣಿನ ಹೊಲ ಒಂದು ಕಾಗದದ ತಾರೀಖಿನ ಮೇಲೆ ನಿಂತಿರಬಹುದು. ಮದುವೆಯ ದಿನಕ್ಕೆ ಲಗ್ನಪತ್ರಿಕೆಯೊಂದೇ ಸಾಕ್ಷಿಯಾದ, ಹುಟ್ಟಿದ ದಿನಕ್ಕೆ ಹೆಡ್ ಮಾಸ್ತರರು ಬರೆದ ಜೂನ್ 1ನೆಯ ತಾರೀಖೇ ಆಧಾರವಾದ ಎಷ್ಟೋ ತಾಯಂದಿರು ನಮ್ಮ ನಡುವೆ ಇದ್ದಾರೆ. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಮೂಡಿದಾಗ, ಆಸ್ಪತ್ರೆಯಲ್ಲಿ ನಡುರಾತ್ರಿ ಹನ್ನೆರಡಕ್ಕೆ. ಆದ್ದರಿಂದ ಬೆಳಗಿನ ಜಾವ ಎರಡಕ್ಕೆ ಹುಟ್ಟಿದ ಕೂಸು ಮನೆಯಲ್ಲಿ ಸೋಮವಾರದ್ದು, ದಾಖಲೆಯಲ್ಲಿ ಮಂಗಳವಾರದ್ದು.

ಸ್ವಾತಂತ್ರ್ಯದ ನಂತರ ವೇಳೆ ಮನೆಮನೆಗೆ ಬಂದದ್ದು ಎರಡು ದಾರಿಯಿಂದ. ಒಂದು ರೈಲು. ಪ್ರತಿದಿನ ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಮುಖ್ಯ ನಿಲ್ದಾಣಗಳಿಗೆ ಶಿಷ್ಟ ಕಾಲವನ್ನು ರವಾನಿಸಬೇಕೆಂಬುದು ರೈಲ್ವೆಯ ನಿಯಮ. ಇನ್ನೊಂದು ರೇಡಿಯೋ. ವಾರ್ತೆಗೆ ಮೊದಲು ‘ಪಿಪ್ ಪಿಪ್’ ಎಂಬ ಸದ್ದು ಬಿತ್ತರಿಸುವ ಪದ್ಧತಿಯನ್ನು ಬಿಬಿಸಿ ಆರಂಭಿಸಿದ್ದು 1924ರ ಫೆಬ್ರವರಿ 5ರಂದು. ಅದರ ಹಿಂದೆ ಗ್ರೀನಿಚ್ ವೀಕ್ಷಣಾಲಯದ ಫ್ರಾಂಕ್ ಡೈಸನ್ ಇದ್ದ. ಆಕಾಶವಾಣಿಯಲ್ಲೂ ಆ ಸದ್ದು ಕೇಳಿಬಂತು. 1966ರಲ್ಲಿ ಕಲಬುರಗಿ ಕೇಂದ್ರ ಶುರುವಾದ ಮೇಲೆ ವೇಳೆ ನಮ್ಮ ಮಾತಿನಲ್ಲೇ ಅಡುಗೆಮನೆಗೆ ಬಂತು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತ್ತು. ಅವಕ್ಕೆಲ್ಲ ದಿನಾ ಕೀಲಿ ಕೊಡಬೇಕು, ದಿನಾ ರೇಡಿಯೋ ಪಿಪ್ಪಿಗೆ ಮುಳ್ಳು ಹೊಂದಿಸಬೇಕು. ಗಡಿಯಾರವನ್ನು ಸರಿಪಡಿಸುವುದು ಹೀಗೆ ಮನೆಯವರ ನಿತ್ಯದ ಕೆಲಸಗಳಲ್ಲಿ ಒಂದಾಯಿತು.

ಇಂದು ಆ ಕೆಲಸವನ್ನು ಯಂತ್ರಗಳೇ ತಮ್ಮ ತಮ್ಮೊಳಗೆ ಮಾಡಿಕೊಳ್ಳುತ್ತವೆ. ಕಂಪ್ಯೂಟರಿನೊಳಗೆ ಸ್ಫಟಿಕದ ಒಂದು ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತಿರುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಬರುತ್ತದೆ, ಅದೇ ಒಂದು ಸೆಕೆಂಡು. ವಿದ್ಯುತ್ ಇಲ್ಲದಾಗಲೂ ಅದನ್ನು ನಡೆಸಲು ನಾಣ್ಯದಂಥ ಸಣ್ಣ ಬ್ಯಾಟರಿಯಿದೆ. ಚಳಿ, ಸೆಕೆ ಬದಲಾದಂತೆ ಸ್ಫಟಿಕದ ಕಂಪನವೂ ಚೂರು ಬದಲಾಗಿ ತಿಂಗಳಿಗೆ ಕೆಲವು ಸೆಕೆಂಡು ಹಿಂದುಮುಂದಾಗುತ್ತದೆ. ಬ್ಯಾಟರಿ ಸತ್ತರಂತೂ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಬಿದ್ದುಬಿಡುತ್ತದೆ. ಆಗ ಬ್ಯಾಂಕಿನ ಪುಟ ತೆರೆಯುವುದಿಲ್ಲ. ಆ ಪುಟದ ಗುರುತಿನ ಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಹಳೆಯ ಕಾಲದಲ್ಲಿ ಬದುಕುತ್ತಿರುವ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರ. ಬಹಳ ಜನ ಇಂಟರ್‌ನೆಟ್ಟನ್ನು ಬೈಯುತ್ತಾರೆ. ಬೇಕಾದದ್ದು ಹೊಸ ಬ್ಯಾಟರಿ ಮತ್ತು ಸರಿಯಾದ ತಾರೀಖು, ಅಷ್ಟೆ.

ದೂರದಿಂದ ವೇಳೆ ಕೇಳುವುದರಲ್ಲಿ ಒಂದು ತೊಡಕಿದೆ. ಉತ್ತರ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಡೇವಿಡ್ ಮಿಲ್ಸ್ ಈ ತೊಡಕನ್ನು ಬಿಡಿಸಿದವರು. 1985ರಲ್ಲಿ ಅವರು ಪ್ರಕಟಿಸಿದ ಜಾಲ ಸಮಯ ನಿಯಮಾವಳಿಗೆ ಎನ್‌ಟಿಪಿ ಎಂದು ಹೆಸರು. 2024ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಹೊರಗೆ ಹೆಚ್ಚಾಗಿ ಯಾರಿಗೂ ಗೊತ್ತಿರಲಿಲ್ಲ. ಅವರ ಉಪಾಯವನ್ನು ನಮ್ಮ ಓಣಿಯ ಲೆಕ್ಕದಲ್ಲೇ ಹೇಳಬಹುದು. ನಮ್ಮ ಗಡಿಯಾರದಲ್ಲಿ ಎಂಟು ಗಂಟೆಯಾದಾಗ ಹುಡುಗನೊಬ್ಬನನ್ನು ವೇಳೆ ಕೇಳಲು ಮಾಸ್ತರರ ಮನೆಗೆ ಕಳಿಸಿದೆವೆನ್ನಿ. ಅವನು ತಲುಪಿದಾಗ ಅವರ ಗಡಿಯಾರದಲ್ಲಿ 8-07, ಹೊರಟಾಗ 8-08, ನಮ್ಮಲ್ಲಿಗೆ ಮರಳಿದಾಗ ನಮ್ಮ ಗಡಿಯಾರದಲ್ಲಿ 8-05. ಒಟ್ಟು ಐದು ನಿಮಿಷದಲ್ಲಿ ಒಂದು ನಿಮಿಷ ಅಲ್ಲಿ ನಿಂತದ್ದು. ಉಳಿದ ನಾಲ್ಕು ನಡಿಗೆಯದು, ಹೋಗಲು ಎರಡು, ಬರಲು ಎರಡು. ಅವರ 8-08ಕ್ಕೆ ಎರಡು ಕೂಡಿಸಿದರೆ ಅವನು ಬಂದಾಗ ನಿಜವಾದ ವೇಳೆ 8-10. ನಮ್ಮದು ಐದು ನಿಮಿಷ ಹಿಂದಿದೆ! ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯಬೇಕೆಂಬುದೊಂದೇ ಷರತ್ತು. ಅದಕ್ಕಾಗಿ ಯಂತ್ರ ಒಬ್ಬರನ್ನೇ ನಂಬದೆ ಹಲವರನ್ನು ಕೇಳುತ್ತದೆ, ಎಲ್ಲರಿಗಿಂತ ಬೇರೆ ಹೇಳುವವನನ್ನು ಬಿಡುತ್ತದೆ. ಸಣ್ಣ ತಪ್ಪಿದ್ದರೆ ಥಟ್ಟನೆ ಹಾರುವುದೂ ಇಲ್ಲ. ತನ್ನ ನಡಿಗೆಯನ್ನೇ ತುಸು ಬೇಗ ಅಥವಾ ತುಸು ನಿಧಾನ ಮಾಡಿಕೊಂಡು ಹಾದಿಗೆ ಬರುತ್ತದೆ. ಏಕೆಂದರೆ ಗಡಿಯಾರ ಹಿಂದಕ್ಕೆ ಹಾರಿದರೆ ಆಮೇಲೆ ಕಟ್ಟಿದ ಹಣಕ್ಕೆ ಮೊದಲಿನ ತಾರೀಖು ಬಿದ್ದೀತು.

ಈ ಕೇಳುವ ಸಾಲಿನ ತುದಿಯಲ್ಲಿ ಯಾರಿದ್ದಾರೆ? ನಮ್ಮ ದೇಶದ ಮಟ್ಟಿಗೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿರುವುದು ಪರಮಾಣು ಗಡಿಯಾರಗಳು. 1967ರಿಂದ ಒಂದು ಸೆಕೆಂಡೆಂದರೆ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳ ಅವಧಿ. ಸೂರ್ಯನನ್ನು ಆ ಕೆಲಸದಿಂದ ನಿವೃತ್ತಿಗೊಳಿಸಲಾಗಿದೆ. ಭೂಮಿ ತಿರುಗುವುದು ಇದರಷ್ಟು ನಿಯತವಲ್ಲವಾದ್ದರಿಂದ ಆಗಾಗ ಒಂದು ಸೆಕೆಂಡು ಸೇರಿಸಬೇಕಾಗುತ್ತಿತ್ತು. 2017ರ ಹೊಸವರ್ಷದ ಬೆಳಿಗ್ಗೆ ಐದೂವರೆಗೆ ಮೊದಲು ಹಾಗೆ ಒಂದು ಹೆಚ್ಚಿನ ಸೆಕೆಂಡು ನಮಗೆಲ್ಲ ಸಿಕ್ಕಿತ್ತು. ಸರಕಾರಿ ಕಚೇರಿಗಳೂ ಕಂಪನಿಗಳೂ ತಮ್ಮ ಕಂಪ್ಯೂಟರುಗಳ ವೇಳೆಯನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವರಿಗೆ, ಇಲ್ಲವೆ ಅವಕ್ಕೆ ಹೊಂದಿದ ಸರ್ವರಿಗೆ ಸರಿಹೊಂದಿಸಬೇಕೆಂದು 2022ರ ಏಪ್ರಿಲ್ 28ರಂದು ಕೇಂದ್ರ ಆದೇಶಿಸಿತು. ದೇಶದ ಐದು ಊರುಗಳಿಂದ ವೇಳೆ ಹಂಚುವ ಯೋಜನೆಯೂ ಇದೆ. ಅದರಲ್ಲಿ ನಮ್ಮ ಬೆಂಗಳೂರು ಒಂದು. ಉಪಗ್ರಹಗಳಿಗೂ ಇದೇ ಹಂಗು. ನಮ್ಮ ಮೊದಲ ಪಥದರ್ಶಕ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟು ನಿಂತಿದ್ದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ದೇಶದಲ್ಲೇ ಮಾಡಿದ ಗಡಿಯಾರವನ್ನು ಹೊತ್ತೊಯ್ದಿತು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದಾರಿ ತೋರಿಸುವ ನಕ್ಷೆ ಮುನ್ನೂರು ಮೀಟರಿನಷ್ಟು ದಾರಿ ತಪ್ಪುತ್ತದೆ.

ಮನೆಯಲ್ಲಿ ನಾವು ಮಾಡಬೇಕಾದದ್ದು ಇಷ್ಟೇ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ‘ದಿನಾಂಕ ಮತ್ತು ಸಮಯ’ ತೆರೆದು ‘ಸ್ವಯಂಚಾಲಿತ’ ಎಂಬುದನ್ನು ಚಾಲೂ ಇಡಬೇಕು. ಕಂಪ್ಯೂಟರಿನಲ್ಲಾದರೆ ಮೊದಲು ಕಾಲವಲಯ, ಆಮೇಲೆ ವೇಳೆ. ಈ ಕ್ರಮ ತಪ್ಪಬಾರದು. ವಲಯ ತಪ್ಪಿದ್ದಾಗ ಮುಳ್ಳನ್ನಷ್ಟೇ ಕೈಯಿಂದ ತಿದ್ದಿದರೆ ಕಣ್ಣಿಗೆ ಸರಿ ಕಂಡೀತು, ಒಳಗಿನ ಲೆಕ್ಕ ತಪ್ಪಾಗಿಯೇ ಇರುತ್ತದೆ. ವಲಯದ ಪಟ್ಟಿಯಲ್ಲಿ ದಿಲ್ಲಿಯನ್ನು ಹುಡುಕಿ ಕಾಣದೆ ಗಾಬರಿಯಾಗುವವರುಂಟು. ಎಷ್ಟೋ ಯಂತ್ರಗಳಲ್ಲಿ ಅಲ್ಲಿರುವುದು ‘ಏಷ್ಯಾ, ಕೋಲ್ಕತ್ತಾ’. ಶಿಷ್ಟ ಕಾಲವನ್ನು ನಲವತ್ತೆರಡು ವರ್ಷ ಒಪ್ಪದೆ ನಿಂತ ಊರಿನ ಹೆಸರೇ ಇಂದು ಯಂತ್ರಗಳೊಳಗೆ ಭಾರತದ ವೇಳೆಗೆ ಅಂಕಿತವಾಗಿದೆ. ಚರಿತ್ರೆಗೆ ನಗೆ ಗೊತ್ತಿಲ್ಲವೆಂದು ಯಾರು ಹೇಳಿದರು?

ಹೀಗೆ ಭಾತಂಬ್ರಾದ ಮೊಬೈಲಿಗೂ ದಿಲ್ಲಿಯ ಪರಮಾಣುವಿಗೂ ನಂಟಾಯಿತು. ಸೆಕೆಂಡಿನ ಚೂರು ಚೂರಿಗೂ ಈಗ ಲೆಕ್ಕವಿದೆ. ಆದರೆ ಬೀಸುವ ಹೊತ್ತು, ಬುತ್ತಿಯ ಹೊತ್ತುಗಳ ಲೆಕ್ಕ? ಹೆಂಗಸರು ದಿನವನ್ನು ಹೇಗೆ ಕಳೆಯುತ್ತಾರೆಂದು ಸರಕಾರ ಮೊದಲು ಕೇಳಿದ್ದು 1998-99ರಲ್ಲಿ, ಅದೂ ಆರು ರಾಜ್ಯಗಳಲ್ಲಿ ಮಾತ್ರ, ಕರ್ನಾಟಕ ಅವುಗಳಲ್ಲಿರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವವರ ಲೆಕ್ಕದಲ್ಲಿ, ದಿನಕ್ಕೆ ಹೆಣ್ಣಿನ 299 ನಿಮಿಷ, ಗಂಡಿನ 97 ನಿಮಿಷ ಎಂದು ಅದರಲ್ಲಿ ಕಂಡುಬಂತು. 2024ರಲ್ಲಿ ಮತ್ತೆ ಅಳೆದಾಗ ಹೆಣ್ಣಿನದು 289, ಗಂಡಿನದು 88. ಐದು ವರ್ಷಗಳಲ್ಲಿ ಹೆಣ್ಣಿಗೆ ಹತ್ತು ನಿಮಿಷ ಬಿಡುವು ಸಿಕ್ಕಿತು, ಗಂಡಿಗೆ ಒಂಬತ್ತು. ನಡುವಿನ ಇನ್ನೂರು ಚಿಲ್ಲರೆ ನಿಮಿಷ ಇದ್ದಲ್ಲೇ ಇದೆ. ಮಿರ್ಜಾಪುರದ ರೇಖೆಯಿಂದ ನಮ್ಮ ಊರಿಗೆ ಬಿದ್ದ ಇಪ್ಪತ್ತೊಂದು ನಿಮಿಷದ ಅಂತರವನ್ನು ಒಂದು ಕಾನೂನು ಒಂದೇ ದಿನದಲ್ಲಿ ಒಪ್ಪಿಸಿಬಿಟ್ಟಿತು. ಈ ಅಂತರವನ್ನು ಸರಿಹೊಂದಿಸಲು ಯಾವ ಸರ್ವರೂ ಇಲ್ಲ; ಅದನ್ನು ಪ್ರತಿ ಮನೆಯ ಅಡುಗೆಮನೆಯಲ್ಲಿ, ದಿನಾ ಕೀಲಿ ಕೊಟ್ಟಂತೆ, ಕೈಯಿಂದಲೇ ತಿದ್ದಬೇಕು.